ಅರ್ಧ ಓಟ, ಅರ್ಧ ಪಾಸ್: ಈ ಲೆಕ್ಕ ಎಲ್ಲಿ ತಪ್ಪುತ್ತದೆ

ಶನಿವಾರ ಮಧ್ಯಾಹ್ನ ಯಾವುದಾದರೂ ಅಮೆರಿಕನ್ ಕಾಲೇಜ್ ಫುಟ್‌ಬಾಲ್ ಪಂದ್ಯ ಹಾಕಿ ನೋಡಿ. ಹಾಫ್‌ಟೈಮ್ ಹೊತ್ತಿಗೆ ಟಿವಿ ಮೇಲೆ ಒಂದು ಪಟ್ಟಿ ಬರುತ್ತದೆ. ಓಟ ಇಷ್ಟು, ಪಾಸ್ ಇಷ್ಟು. ಎರಡೂ ಹತ್ತಿರ ಹತ್ತಿರ ಇದ್ದರೆ ಕಾಮೆಂಟರಿಯವರು ಖುಷಿಯಿಂದ "ಒಳ್ಳೆ ಬ್ಯಾಲೆನ್ಸ್ ಇದೆ" ಅನ್ನುತ್ತಾರೆ. ಒಂದು ಜಾಸ್ತಿ, ಇನ್ನೊಂದು ಕಡಿಮೆ ಇದ್ದರೆ ಕೋಚ್‌ಗೆ ಏನೋ ಆಗಿದೆ ಅನ್ನುವ ಹಾಗೆ ಮಾತಾಡುತ್ತಾರೆ. ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಆ ಪಟ್ಟಿ ನೋಡಿಕೊಂಡು ಬ್ಯಾಲೆನ್ಸ್ ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ಎದುರಿನ ಡಿಫೆನ್ಸ್ ಒಂದು ಕಡೆ ವಾಲಿದ ಕೂಡಲೇ ಅದಕ್ಕೆ ಬೆಲೆ ತೆರುವ ಹಾಗೆ ಮಾಡುವ ಶಕ್ತಿ ನಿಮ್ಮ ಟೀಮಿಗೆ ಇದೆಯಾ, ಅಷ್ಟನ್ನೇ ನೋಡಬೇಕು. ಆ ಶಕ್ತಿ ಇದ್ದರೆ 70 ಸಲ ಓಡಿದರೂ ಬ್ಯಾಲೆನ್ಸ್ ಇದೆ. ಇಲ್ಲದಿದ್ದರೆ 35-35 ಬಂದರೂ ಇಲ್ಲ.

ನಿಮ್ಮಲ್ಲಿ ಕೆಲವರು ಮಕ್ಕಳು ಇಲ್ಲಿನ ಯೂನಿವರ್ಸಿಟಿಗೆ ಸೇರಿದ ಮೇಲೆ ಈ ಆಟ ನೋಡಲು ಶುರು ಮಾಡಿದವರು, ಹಾಗಾಗಿ ಅರ್ಧ ನಿಮಿಷ ಮೂಲ ವಿಷಯ ಹೇಳಿಬಿಡುತ್ತೇನೆ. ಒಂದೊಂದು ಕಡೆ 11 ಜನ. ನಾಲ್ಕು ಅವಕಾಶ, ಅಂದರೆ ನಾಲ್ಕು ಡೌನ್. ಅಷ್ಟರಲ್ಲಿ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಡೌನ್ ಸಿಗುತ್ತದೆ. ಪ್ರತಿ ಸಲವೂ ಕ್ವಾರ್ಟರ್‌ಬ್ಯಾಕ್, ಅಂದರೆ ಬಾಲ್ ಇರುವ ಕಡೆಯ ಆಟ ನಡೆಸುವವನ ಕೈಗೆ ಬಾಲ್ ಬಂದಾಗ ಎರಡೇ ದಾರಿ: ಯಾರಾದರೂ ಹಿಡಿದುಕೊಂಡು ಓಡಬೇಕು, ಇಲ್ಲವೇ ಮುಂದಕ್ಕೆ ಎಸೆಯಬೇಕು. ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ್ದು.

ಮುಂದಕ್ಕೆ ಎಸೆಯುವುದು ಮೊದಲಿನಿಂದ ಇದ್ದದ್ದಲ್ಲ. 1905ರ ಸೀಸನ್‌ನಲ್ಲಿ ಈ ಆಟ ಆಡಿ ಹಲವು ಹುಡುಗರು ಸತ್ತರು. ಆಗ ಎಲ್ಲರೂ ಗುಂಪು ಕಟ್ಟಿಕೊಂಡು ನುಗ್ಗುವುದೇ ಆಟವಾಗಿತ್ತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ಸರಿಮಾಡಿ ಅಂದರು. 1906ರಲ್ಲಿ ಫಾರ್ವರ್ಡ್ ಪಾಸ್‌ಗೆ ಅನುಮತಿ ಬಂತು. ಆ ವರ್ಷ ಸೆಪ್ಟೆಂಬರ್ 5ರಂದು ವಿಸ್ಕಾನ್ಸಿನ್‌ನ ವಾಕೆಶಾದಲ್ಲಿ ಸೇಂಟ್ ಲೂಯಿಸ್ ಯೂನಿವರ್ಸಿಟಿಯ ಬ್ರಾಡ್‌ಬರಿ ರಾಬಿನ್ಸನ್ ಮೊದಲ ಪಾಸ್ ಎಸೆದರು. ಅದನ್ನು ಯಾರೂ ಹಿಡಿಯಲಿಲ್ಲ. ಆಗಿನ ನಿಯಮ ಹೇಗಿತ್ತು ಅಂದರೆ, ಯಾರ ಕೈಗೂ ತಾಗದೆ ನೆಲಕ್ಕೆ ಬಿದ್ದ ಪಾಸ್‌ಗೆ ಶಿಕ್ಷೆಯಾಗಿ ಬಾಲ್ ಎದುರಾಳಿಗೆ ಹೋಗುತ್ತಿತ್ತು. ಪಾಸ್ ಅಂದರೆ ಜೂಜು ಅನ್ನುವ ಭಾವನೆ ಕೋಚ್‌ಗಳಲ್ಲಿ ಎಷ್ಟೋ ದಶಕ ಉಳಿದದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ನಿಯಮ ಮುಂದೆ ಸಡಿಲವಾಯಿತು, 1913ರಲ್ಲಿ ನೋಟರ್ ಡೇಮ್ ಪಾಸ್ ಎಸೆದೇ ಸೇನಾ ಅಕಾಡೆಮಿಯ ಟೀಮ್ ಆರ್ಮಿಯನ್ನು 35-13ರಿಂದ ಸೋಲಿಸಿತು, ಆದರೂ ಭಯ ಹೋಗಲಿಲ್ಲ. ಒಹಾಯೊ ಸ್ಟೇಟ್‌ನ ವುಡಿ ಹೇಯ್ಸ್ ಮೂರು ಮೂರು ಯಾರ್ಡ್ ಓಡಿಸಿಯೇ ಚಾಂಪಿಯನ್ ಆದವರು.

ಈಗ ಓಟದ ಟೀಮ್ ಅಂತ ಹೆಸರಾದ ಒಂದು ಟೀಮಿನ ಕಥೆ ಹೇಳುತ್ತೇನೆ. 1968ರಲ್ಲಿ ಟೆಕ್ಸಸ್‌ನ ಕೋಚ್ ಡಾರೆಲ್ ರಾಯಲ್ ಹೊಸ ಜೋಡಣೆ ತಂದರು. ಅದನ್ನು ರೂಪಿಸಿದವರು ಅವರ ಸಹಾಯಕ ಎಮರಿ ಬೆಲ್ಲಾರ್ಡ್. ಕ್ವಾರ್ಟರ್‌ಬ್ಯಾಕ್ ಹಿಂದೆ ಮೂರು ಜನ ಓಟಗಾರರು, ನೋಡಿದರೆ ವೈ ಅಕ್ಷರದ ಹಾಗೆ ಕಾಣುತ್ತದೆ. ವಿಶ್‌ಬೋನ್ ಅಂತ ಹೆಸರು ಬಿತ್ತು. ಮೊದಲ ಎರಡು ಪಂದ್ಯದಲ್ಲಿ ಒಂದು ಡ್ರಾ, ಒಂದು ಸೋಲು. ಆಮೇಲೆ ಸತತ 30 ಗೆಲುವು. ಆ 30ರ ನಡುವೆ ಒಂದು ಪಂದ್ಯ, 1969ರ ಡಿಸೆಂಬರ್ 6, ಅರ್ಕನ್ಸಾ ರಾಜ್ಯದ ಫಯೆಟ್‌ವಿಲ್‌ನಲ್ಲಿ. ಎರಡೂ ಟೀಮ್ ಸೋಲೇ ಕಂಡಿರಲಿಲ್ಲ. ಅಧ್ಯಕ್ಷ ನಿಕ್ಸನ್ ಕೂತು ನೋಡುತ್ತಿದ್ದರು. ಮೂರು ಕ್ವಾರ್ಟರ್ ಮುಗಿದಾಗ ಅರ್ಕನ್ಸಾ 14, ಟೆಕ್ಸಸ್ 0.

ನಾಲ್ಕನೇ ಕ್ವಾರ್ಟರ್ ಶುರುವಾದ ಕೂಡಲೇ ಟೆಕ್ಸಸ್‌ನ ಕ್ವಾರ್ಟರ್‌ಬ್ಯಾಕ್ ಜೇಮ್ಸ್ ಸ್ಟ್ರೀಟ್ 42 ಯಾರ್ಡ್ ಓಡಿ ಟಚ್‌ಡೌನ್ ಮಾಡಿದರು, ಅಂದರೆ ಬಾಲನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಆರು ಪಾಯಿಂಟ್ ತಂದರು, ಜೊತೆಗೆ ಹೆಚ್ಚುವರಿ ಎರಡು ಪಾಯಿಂಟ್. 14-8. ಮುಂದೆ ಅರ್ಕನ್ಸಾ ಟೆಕ್ಸಸ್ ಗೋಲಿನ ಹತ್ತಿರದವರೆಗೆ ಬಂತು. ಸುಮ್ನೆ ಒಂದು ಓಟ ಓಡಿ ಫೀಲ್ಡ್ ಗೋಲ್ ಒದ್ದು ಮೂರು ಪಾಯಿಂಟ್ ತೆಗೆದುಕೊಂಡಿದ್ದರೆ ಒಂಬತ್ತು ಪಾಯಿಂಟ್ ಮುನ್ನಡೆ ಆಗುತ್ತಿತ್ತು. ಅವರು ಪಾಸ್ ಎಸೆದರು, ಎಂಡ್ ಝೋನ್‌ನಲ್ಲಿ, ಅಂದರೆ ಗೋಲ್ ಗೆರೆಯ ಆಚೆ, ಟೆಕ್ಸಸ್ ಹುಡುಗ ಹಿಡಿದುಬಿಟ್ಟ. ಈಗ ಟೆಕ್ಸಸ್ ಸರದಿ. ಐದು ನಿಮಿಷಕ್ಕಿಂತ ಕಡಿಮೆ ಉಳಿದಿದೆ. ತಮ್ಮದೇ 43ನೇ ಯಾರ್ಡ್‌ನಲ್ಲಿ ನಾಲ್ಕನೇ ಡೌನ್, ಬೇಕಾದದ್ದು ಮೂರು ಯಾರ್ಡ್. ಇಡೀ ವರ್ಷ ಓಡಿದ ಟೀಮ್. ಮೂರು ಯಾರ್ಡ್ ಓಡುವುದು ಅವರಿಗೆ ಕಷ್ಟವೇ ಅಲ್ಲ, ಅರ್ಕನ್ಸಾಗೂ ಅದು ಗೊತ್ತು, ಅದಕ್ಕೇ ಅವರ ಡಿಫೆನ್ಸ್ ಮುಂದಕ್ಕೆ ಒತ್ತಿಕೊಂಡು ನಿಂತಿದೆ. ರಾಯಲ್ ಪಾಸ್ ಹೇಳಿದರು. ಅದೂ ಸಣ್ಣ ಪಾಸ್ ಅಲ್ಲ, ಉದ್ದದ್ದು. ಸ್ಟ್ರೀಟ್ ಎಸೆದ ಬಾಲನ್ನು ರ‍್ಯಾಂಡಿ ಪೆಶೆಲ್ ಇಬ್ಬರ ನಡುವೆ ಹಿಡಿದರು, 44 ಯಾರ್ಡ್. ಎರಡು ಓಟದಲ್ಲಿ ಟಚ್‌ಡೌನ್, ಆಮೇಲೆ ಒದ್ದು ತೆಗೆದ ಒಂದು ಪಾಯಿಂಟ್. 15-14.

ಆ ಪಂದ್ಯದ ಓಟ-ಪಾಸ್ ಪಟ್ಟಿ ತೆಗೆದು ನೋಡಿದರೆ ಟೆಕ್ಸಸ್ ಹೆಸರಿನ ಮುಂದೆ ಓಟವೇ ತುಂಬಿದೆ. ಆದರೆ ಅರ್ಕನ್ಸಾ ಮುಂದಕ್ಕೆ ವಾಲಿದ ಒಂದು ಕ್ಷಣಕ್ಕೆ ಅವರು ತೆತ್ತ ಬೆಲೆ 44 ಯಾರ್ಡ್. ಅದನ್ನು ನಾನು ಬ್ಯಾಲೆನ್ಸ್ ಅನ್ನುತ್ತೇನೆ.

ಡಿಫೆನ್ಸ್ ಯಾಕೆ ವಾಲುತ್ತದೆ, ಹೇಗೆ ವಾಲುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲ ಶುರುವಾಗುವುದು ಒಂದು ತಲೆ ಎಣಿಕೆಯಿಂದ. ಅಫೆನ್ಸ್‌ನಲ್ಲಿ ಐದು ಜನ ಲೈನ್‌ಮನ್, ಅವರ ಪಕ್ಕ ಒಬ್ಬ ಟೈಟ್ ಎಂಡ್ ಅಂದುಕೊಳ್ಳಿ. ದಾರಿ ಬಿಡಿಸಲು ಆರು ಜನ. ಎದುರಿಗೆ ಲೈನ್ ಹತ್ತಿರ ನಿಂತವರ ಜಾಗಕ್ಕೆ ಬಾಕ್ಸ್ ಅನ್ನುತ್ತಾರೆ. ಬಾಕ್ಸ್‌ನಲ್ಲಿ ಆರು ಜನ ಇದ್ದರೆ ಒಬ್ಬೊಬ್ಬರನ್ನು ಒಬ್ಬೊಬ್ಬರು ತಡೆದರಾಯಿತು, ಓಟಗಾರನಿಗೆ ದಾರಿ ಸಿಗುತ್ತದೆ. ಏಳು ಜನ ಇದ್ದರೆ ಒಬ್ಬನನ್ನು ತಡೆಯುವವರೇ ಇಲ್ಲ. ಎಂಟು ಇದ್ದರೆ ಇಬ್ಬರನ್ನು. ಆದರೆ ಒಟ್ಟು ಇರುವುದು 11 ಜನ ತಾನೇ? ಬಾಕ್ಸ್‌ಗೆ ಒಬ್ಬ ಜಾಸ್ತಿ ಬಂದ ಅಂದರೆ ಹಿಂದೆ ಒಬ್ಬ ಕಡಿಮೆಯಾದ. ಅಲ್ಲಿ ಪಾಸ್ ಹಿಡಿಯುವ ರಿಸೀವರ್ ಒಬ್ಬನೇ ಒಬ್ಬನ ಎದುರಿಗೆ ಇದ್ದಾನೆ, ಸಹಾಯಕ್ಕೆ ಯಾರೂ ಇಲ್ಲ. ಓಟ-ಪಾಸ್ ಚರ್ಚೆಯ ತಿರುಳು ಈ ಒಬ್ಬ ಮನುಷ್ಯ ಎಲ್ಲಿ ನಿಂತಿದ್ದಾನೆ ಅನ್ನುವುದು. ಸಾಮಾನ್ಯವಾಗಿ ಆತ ಸೇಫ್ಟಿ, ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಹಿಂದೆ ನಿಂತು ಕಾಯುವವನು. ಅವನ ಮೇಲೆ ಕಣ್ಣಿಡಿ.

ಇಲ್ಲಿ ಕಾಲೇಜ್ ಆಟಕ್ಕೂ ಭಾನುವಾರ ನಡೆಯುವ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೂ ಇರುವ ವ್ಯತ್ಯಾಸ ಹೇಳಲೇಬೇಕು, ಯಾಕೆಂದರೆ ತುಂಬಾ ಜನ ಭಾನುವಾರದ ಆಟ ನೋಡಿ ಶನಿವಾರದ ಆಟಕ್ಕೆ ತೀರ್ಪು ಕೊಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಬಾಲನ್ನು ಇನ್ನೊಬ್ಬನಿಗೆ ಕೊಟ್ಟು ನಿಂತುಬಿಟ್ಟರೆ ಅಫೆನ್ಸ್‌ನಲ್ಲಿ ಒಬ್ಬ ಆಟದಿಂದ ಹೊರಗೆ ಹೋದ ಹಾಗೆ. ಅದೇ ಕ್ವಾರ್ಟರ್‌ಬ್ಯಾಕ್ ತಾನೂ ಓಡಬಲ್ಲ ಅಂದರೆ ಎಣಿಕೆ ಸಮವಾಗುತ್ತದೆ. ಕೋಟಿಗಟ್ಟಲೆ ಡಾಲರ್ ಕೊಟ್ಟ ಕ್ವಾರ್ಟರ್‌ಬ್ಯಾಕನ್ನು ಎನ್‌ಎಫ್‌ಎಲ್ ಟೀಮುಗಳು ಹೀಗೆ ಪದೇ ಪದೇ ಓಡಿಸಲು ಹಿಂಜರಿದವು. ಕಾಲೇಜಿನಲ್ಲಿ ಇದು ಮಾಮೂಲು. ರಿಚ್ ರಾಡ್ರಿಗಜ್ 1990ರ ದಶಕದಲ್ಲಿ ಗ್ಲೆನ್‌ವಿಲ್ ಸ್ಟೇಟ್ ಅನ್ನುವ ಸಣ್ಣ ಕಾಲೇಜಿನಲ್ಲಿ ಝೋನ್ ರೀಡ್ ಬೆಳೆಸಿದರು. ಡಿಫೆನ್ಸ್ ಸಾಲಿನ ತುದಿಯಲ್ಲಿ ನಿಂತ ಆಳನ್ನು ಬೇಕಂತಲೇ ತಡೆಯದೆ ಬಿಡುವುದು, ಅವನು ಓಟಗಾರನ ಹಿಂದೆ ಹೋದರೆ ಕ್ವಾರ್ಟರ್‌ಬ್ಯಾಕ್ ತಾನೇ ಬಾಲ್ ಇಟ್ಟುಕೊಂಡು ಅವನು ಬಿಟ್ಟ ಜಾಗದಲ್ಲಿ ಓಡುವುದು. ವೆಸ್ಟ್ ವರ್ಜೀನಿಯಾದಲ್ಲಿ ಪ್ಯಾಟ್ ವೈಟ್, ಸ್ಟೀವ್ ಸ್ಲೇಟನ್ ಜೋಡಿ ಇದನ್ನು ಆಡಿದ್ದು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಇನ್ನೊಂದು, ಮೈದಾನವೇ ಬೇರೆ. ಹ್ಯಾಶ್ ಮಾರ್ಕ್ ಅಂತ ಎರಡು ಸಾಲು ಗೆರೆ ಇರುತ್ತದಲ್ಲ, ಅವುಗಳ ನಡುವಿನ ಅಂತರ ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು, ಕಾಲೇಜಿನಲ್ಲಿ 40 ಅಡಿ. ಮೈದಾನದ ಅಗಲ 160 ಅಡಿ. ಅಂದರೆ ಕಾಲೇಜಿನಲ್ಲಿ ಬಾಲ್ ಒಂದು ಹ್ಯಾಶ್ ಮೇಲೆ ಇದ್ದರೆ ಒಂದು ಕಡೆ 60 ಅಡಿ, ಇನ್ನೊಂದು ಕಡೆ 100 ಅಡಿ. ಆ 100 ಅಡಿಯನ್ನು ಕಾಯುವುದೇ ಡಿಫೆನ್ಸ್‌ಗೆ ತಲೆನೋವು. ಆ ಕಡೆ ಮೂರು ರಿಸೀವರ್ ನಿಲ್ಲಿಸಿದರೆ ಬಾಕ್ಸ್‌ನಿಂದ ಜನ ತಾನಾಗಿ ಹೊರಗೆ ಹೋಗಲೇಬೇಕು. ಪಾಸ್ ಎಸೆಯದೆಯೇ, ಬರೀ ಎಸೆಯಬಹುದು ಅನ್ನುವ ಜಾಗದಲ್ಲಿ ಹುಡುಗರನ್ನು ನಿಲ್ಲಿಸಿಯೇ ಓಟಕ್ಕೆ ಜಾಗ ಮಾಡಿಕೊಂಡ ಹಾಗೆ ಆಯಿತು.

ಮೂರನೆಯದು ಆರ್‌ಪಿಓ. ರನ್ ಮತ್ತು ಪಾಸ್ ಎರಡನ್ನೂ ಒಂದೇ ಪ್ಲೇ ಒಳಗೆ ಇಡುವುದು. ಲೈನ್‌ಮನ್‌ಗಳೆಲ್ಲ ಓಟ ಅಂತಲೇ ಮುಂದೆ ನುಗ್ಗುತ್ತಾರೆ. ಕ್ವಾರ್ಟರ್‌ಬ್ಯಾಕ್ ಒಬ್ಬ ಲೈನ್‌ಬ್ಯಾಕರ್‌ನನ್ನು, ಅಂದರೆ ಡಿಫೆನ್ಸ್ ಲೈನ್‌ನ ಹಿಂದೆ ನಿಂತವನನ್ನು ನೋಡುತ್ತಾನೆ. ಆತ ಓಟ ತಡೆಯಲು ಎರಡು ಹೆಜ್ಜೆ ಮುಂದೆ ಬಂದರೆ ಅವನು ಬಿಟ್ಟ ಜಾಗಕ್ಕೆ ಪಾಸ್. ಬರಲಿಲ್ಲವಾ, ಬಾಲ್ ಓಟಗಾರನಿಗೆ. ಪಾಸ್ ಎಸೆಯುವ ಮುನ್ನ ಲೈನ್‌ಮನ್‌ಗಳು ಎಷ್ಟು ಮುಂದೆ ಹೋಗಬಹುದು ಅನ್ನುವುದಕ್ಕೆ ನಿಯಮ ಇದೆ. ಎನ್‌ಎಫ್‌ಎಲ್‌ನಲ್ಲಿ 1 ಯಾರ್ಡ್, ಕಾಲೇಜಿನಲ್ಲಿ 3 ಯಾರ್ಡ್. ಆ ಎರಡು ಯಾರ್ಡ್ ವ್ಯತ್ಯಾಸದಲ್ಲಿ ಕಾಲೇಜಿನ ಆರ್‌ಪಿಓ ಬೆಳೆದು ನಿಂತಿದೆ. ಈಗ ಯೋಚನೆ ಮಾಡಿ. ಕೋಚ್ ಒಂದೇ ಪ್ಲೇ ಹತ್ತು ಸಲ ಹೇಳಿದ್ದಾರೆ. ಸ್ಕೋರರ್ ಪುಸ್ತಕದಲ್ಲಿ ಆರು ಓಟ, ನಾಲ್ಕು ಪಾಸ್ ಅಂತ ಬರೆದಿದೆ. ಆ ಆರು-ನಾಲ್ಕನ್ನು ತೀರ್ಮಾನಿಸಿದ್ದು ಕೋಚ್ ಅಲ್ಲವೇ ಅಲ್ಲ, ಎದುರು ಟೀಮಿನ ಒಬ್ಬ ಲೈನ್‌ಬ್ಯಾಕರ್‌ನ ಪಾದ. ಹೀಗಿರುವಾಗ ಪಟ್ಟಿ ತೋರಿಸಿ ಕೋಚ್‌ನ ಮನಸ್ಸು ಓದುವುದು ಹೇಗೆ?

ಪಟ್ಟಿಯ ಬಗ್ಗೆ ಇನ್ನೂ ಒಂದು ವಿಷಯ ಇದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಕಾಲೇಜ್ ಲೆಕ್ಕದಲ್ಲಿ ಕ್ವಾರ್ಟರ್‌ಬ್ಯಾಕ್ ಪಾಸ್ ಎಸೆಯಲು ಹಿಂದೆ ಹೋಗಿ ಸಿಕ್ಕಿಬಿದ್ದರೆ, ಅಂದರೆ ಸ್ಯಾಕ್ ಆದರೆ, ಅದನ್ನು ಓಟ ಅಂತ ಬರೆಯುತ್ತಾರೆ. ಕಳೆದುಕೊಂಡ ಯಾರ್ಡನ್ನು ಓಟದ ಖಾತೆಯಿಂದ ಕಳೆಯುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಹೀಗಿಲ್ಲ, ಅಲ್ಲಿ ಪಾಸ್ ಖಾತೆಗೆ ಹೋಗುತ್ತದೆ. 1996ರ ಜನವರಿ 2ರ ಫಿಯೆಸ್ಟಾ ಬೌಲ್ ನೋಡಿ, ಆ ಸೀಸನ್‌ನ ಚಾಂಪಿಯನ್‌ಶಿಪ್ ಪಂದ್ಯ, ನೆಬ್ರಾಸ್ಕಾ ಮತ್ತು ಫ್ಲೋರಿಡಾ ನಡುವೆ. ಟಾಮ್ ಆಸ್ಬೋರ್ನ್ ಅವರ ಆಪ್ಷನ್ ಓಟ, ಅಂದರೆ ಎದುರಾಳಿಯನ್ನು ನೋಡಿ ಬಾಲ್ ಯಾರು ಒಯ್ಯಬೇಕು ಅಂತ ಕ್ವಾರ್ಟರ್‌ಬ್ಯಾಕ್ ಅಲ್ಲೇ ತೀರ್ಮಾನಿಸುವ ಓಟ, ಒಂದು ಕಡೆ, ಸ್ಟೀವ್ ಸ್ಪರಿಯರ್ ಅವರ ಪಾಸ್ ಇನ್ನೊಂದು ಕಡೆ. ನೆಬ್ರಾಸ್ಕಾ 62-24ರಿಂದ ಗೆದ್ದಿತು. ಓಟದಲ್ಲಿ ನೆಬ್ರಾಸ್ಕಾ 524 ಯಾರ್ಡ್, ಫ್ಲೋರಿಡಾ ಮೈನಸ್ 28. ಮೈನಸ್ 28 ಅಂದ ಕೂಡಲೇ ಫ್ಲೋರಿಡಾ ಹುಡುಗರಿಗೆ ಓಡಲು ಬರುವುದಿಲ್ಲ ಅನಿಸುತ್ತದೆ. ಅದರಲ್ಲಿ ದೊಡ್ಡ ಪಾಲು ಅವರ ಕ್ವಾರ್ಟರ್‌ಬ್ಯಾಕ್ ಡ್ಯಾನಿ ವರ್ಫಲ್ ಪಾಸ್ ಎಸೆಯಲು ಹೋಗಿ ಮತ್ತೆ ಮತ್ತೆ ಸಿಕ್ಕಿಬಿದ್ದದ್ದು. ಸೋತದ್ದು ಪಾಸ್ ಆಟ, ಲೆಕ್ಕದಲ್ಲಿ ಬೈಸಿಕೊಂಡದ್ದು ಓಟ. ಈ ಪಂದ್ಯ ತೋರಿಸಿ ಪಾಸ್ ಟೀಮ್ ಚಾಂಪಿಯನ್ ಆಗುವುದಿಲ್ಲ ಅಂತ ವಾದ ಮಾಡಿದವರು ಒಂದು ವರ್ಷ ಕಾಯಬೇಕಿತ್ತು. ಅದೇ ಸ್ಪರಿಯರ್, ಅದೇ ವರ್ಫಲ್, ಮುಂದಿನ ಸೀಸನ್ ಕೊನೆಗೆ ಫ್ಲೋರಿಡಾ ಸ್ಟೇಟನ್ನು 52-20ರಿಂದ ಸೋಲಿಸಿ ಚಾಂಪಿಯನ್ ಆದರು.

ಇದೇ ಜಾತಿಯ ಇನ್ನೊಂದು ತಪ್ಪು: "ಜಾಸ್ತಿ ಓಡಿದ ಟೀಮ್ ಗೆಲ್ಲುತ್ತದೆ." ಅಂಕಿ ನೋಡಿದರೆ ನಿಜ ಅನಿಸುತ್ತದೆ. ಆದರೆ ಮುಂದಿರುವ ಟೀಮ್ ಕೊನೆಯ ಕ್ವಾರ್ಟರ್‌ನಲ್ಲಿ ಗಡಿಯಾರ ಓಡಲಿ ಅಂತ ಬಾಲ್ ಓಡಿಸುತ್ತದೆ, ಹಿಂದೆ ಬಿದ್ದವರು ಗಡಿಯಾರ ನಿಲ್ಲಲಿ ಅಂತ ಎಸೆಯುತ್ತಾರೆ. ಗೆಲ್ಲುತ್ತಿದ್ದಾರೆ, ಅದಕ್ಕೆ ಓಡುತ್ತಿದ್ದಾರೆ. ಜನ ಇದನ್ನು ತಿರುಗಿಸಿ ಓದುತ್ತಾರೆ.

ಹಾಗಾದರೆ ಪಾಸ್‌ನಲ್ಲಿ ಸರಾಸರಿ ಯಾರ್ಡ್ ಜಾಸ್ತಿ ಬರುತ್ತದಲ್ಲ, ಯಾವಾಗಲೂ ಎಸೆದರೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಲು 2020ರ ಮಿಸಿಸಿಪಿ ಸ್ಟೇಟ್‌ಗಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಕೋಚ್ ಮೈಕ್ ಲೀಚ್. ಹಾಲ್ ಮಮ್ ಜೊತೆ ಐಯೊವಾ ವೆಸ್ಲಿಯನ್ ಅನ್ನುವ ಪುಟ್ಟ ಕಾಲೇಜಿನಲ್ಲಿ ಏರ್ ರೇಡ್ ಅನ್ನುವ, ಹೆಚ್ಚಾಗಿ ಪಾಸ್ ಎಸೆಯುವ ಪದ್ಧತಿ ಕಟ್ಟಿದವರು, ಆಮೇಲೆ ಟೆಕ್ಸಸ್ ಟೆಕ್, ವಾಷಿಂಗ್ಟನ್ ಸ್ಟೇಟ್. ನನಗೆ ಈ ಮನುಷ್ಯನ ಮೇಲೆ ತುಂಬಾ ಗೌರವ. ಕಾನೂನು ಓದಿದವರು, ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರಲ್ಲ. 2022ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬ್ಯಾಲೆನ್ಸ್ ಬಗ್ಗೆ ಅವರ ವಾದ ನೇರವಾಗಿತ್ತು: ಓಟ ಅರ್ಧ, ಪಾಸ್ ಅರ್ಧ ಮಾಡಿ ಎಲ್ಲ ಬಾಲ್ ಇಬ್ಬರು ಮೂವರಿಗೇ ಹೋದರೆ ಅದರಲ್ಲಿ ಬ್ಯಾಲೆನ್ಸ್ ಎಲ್ಲಿದೆ? ಬಾಲ್ ಹಿಡಿಯುವ ಎಲ್ಲ ಜಾಗದವರ ಕೈಗೂ ಬಾಲ್ ಹೋಗಬೇಕು, ಮೈದಾನದ ಎಲ್ಲ ಭಾಗವೂ ಬಳಕೆಯಾಗಬೇಕು. ಓಟಗಾರನಿಗೆ ಕೊಡುವ ಸಣ್ಣ ಪಾಸ್ ಕೂಡ ಅವರ ಪಾಲಿಗೆ ಓಟವೇ.

2020ರ ಸೆಪ್ಟೆಂಬರ್ 26. ಮಿಸಿಸಿಪಿ ಸ್ಟೇಟ್‌ನಲ್ಲಿ ಲೀಚ್ ಅವರ ಮೊದಲ ಪಂದ್ಯ, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್), ಅದೂ ಅವರ ಊರಿನಲ್ಲೇ. ಎಲ್‌ಎಸ್‌ಯು ಡಿಫೆನ್ಸ್ ಒಬ್ಬನಿಗೆ ಒಬ್ಬ ಅಂತ ಕಾಯಲು ಹೋಯಿತು. ಕ್ವಾರ್ಟರ್‌ಬ್ಯಾಕ್ ಕೆ.ಜೆ. ಕಾಸ್ಟೆಲೊ 623 ಯಾರ್ಡ್ ಎಸೆದರು, ಈ ಎರಡೂ ಟೀಮ್ ಆಡುವ ಎಸ್‌ಇಸಿ ಗುಂಪಿನ ದಾಖಲೆ. 44-34. ಮುಂದಿನ ವಾರ ಅರ್ಕನ್ಸಾ ಬೇರೆ ಉಪಾಯ ಮಾಡಿತು. ಮೂವರನ್ನು ಮಾತ್ರ ಮುಂದೆ ಕಳಿಸಿ ಎಂಟು ಜನರನ್ನು ಹಿಂದೆ ನಿಲ್ಲಿಸಿತು. 21-14, ಮಿಸಿಸಿಪಿ ಸ್ಟೇಟ್‌ಗೆ ಸೋಲು. ಅದರ ಮುಂದಿನ ವಾರ ಕೆಂಟಕಿ ಎದುರು 24-2. ಆ ಎರಡು ಪಾಯಿಂಟ್ ಕೂಡ ಎದುರಾಳಿ ತನ್ನದೇ ಎಂಡ್ ಝೋನ್‌ನಲ್ಲಿ ಎಡವಿದ್ದಕ್ಕೆ ಸಿಕ್ಕಿದ್ದು (ಅದಕ್ಕೂ ಸೇಫ್ಟಿ ಅಂತಲೇ ಹೆಸರು), ಅಫೆನ್ಸ್‌ನದು ಸೊನ್ನೆ. ಕೆಂಟಕಿ ಆರು ಪಾಸ್ ಕಸಿದುಕೊಂಡಿತು. 623 ಯಾರ್ಡ್‌ನಿಂದ ಸೊನ್ನೆ ಪಾಯಿಂಟ್‌ಗೆ ಎರಡೇ ವಾರ.

ಏನಾಯಿತು ಇಲ್ಲಿ? ಎಂಟು ಜನ ಹಿಂದೆ ಹೋದರು ಅಂದರೆ ಮುಂದೆ ಜಾಗ ಖಾಲಿ ಇತ್ತು. ಡಿಫೆನ್ಸ್ ಕಣ್ಣೆದುರೇ ಒಂದು ಕಡೆ ವಾಲಿತ್ತು. ಅದಕ್ಕೆ ಬೆಲೆ ಕಟ್ಟಿಸುವ ಓಟ ಆ ಟೀಮಿನಲ್ಲಿ ಇರಲಿಲ್ಲ. ಲೀಚ್ ಅವರ ವಾದವನ್ನು ನಾನು ಪೂರ್ತಿ ಬಿಡುವುದಿಲ್ಲ, ಬಾಲ್ ಎಲ್ಲರ ಕೈಗೂ ಹೋಗಬೇಕು ಅನ್ನುವುದು ಸರಿ. ಆದರೆ ಮೂರೇ ಜನ ಲೈನ್ ಮೇಲೆ ಇದ್ದಾಗ ನೇರ ನಡುವೆ ಐದು ಯಾರ್ಡ್ ಓಡಿ, ಮತ್ತೆ ಐದು ಯಾರ್ಡ್ ಓಡಿ, ಆ ಎಂಟರಲ್ಲಿ ಇಬ್ಬರನ್ನು ಮುಂದೆ ಎಳೆದು ತರುವ ಕೆಲಸ ಸಣ್ಣ ಪಾಸ್‌ನಿಂದ ಆಗುವುದಿಲ್ಲ. ಅವರದೇ ಗರಡಿಯಿಂದ ಬಂದ ಲಿಂಕನ್ ರೈಲಿ ಇದನ್ನು ಮನಗಂಡಿದ್ದರು. ಓಕ್ಲಹೋಮಾದಲ್ಲಿ ಏರ್ ರೇಡ್ ಪಾಸ್‌ಗಳ ಜೊತೆಗೆ ದೊಡ್ಡ ದೊಡ್ಡ ಲೈನ್‌ಮನ್‌ಗಳು ಅಡ್ಡ ಬಂದು ದಾರಿ ಬಿಡಿಸುವ ಗಟ್ಟಿ ಓಟ ಇಟ್ಟರು. 2018ರಲ್ಲಿ ಅವರ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರಿ 4,361 ಯಾರ್ಡ್ ಎಸೆದು, 1,001 ಯಾರ್ಡ್ ಓಡಿ ಕಾಲೇಜ್ ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ಗೆದ್ದರು.

ಆ ಓಕ್ಲಹೋಮಾವನ್ನು ಅದೇ ವರ್ಷ ಹೆದರಿಸಿದ್ದು ಯಾರು ಗೊತ್ತಾ? ಆರ್ಮಿ. ಪಾಸ್ ಎಸೆಯುವುದೇ ಅಪರೂಪ ಅನ್ನುವ ಟೀಮ್. ಪಂದ್ಯದ 60 ನಿಮಿಷದಲ್ಲಿ 44 ನಿಮಿಷಕ್ಕೂ ಜಾಸ್ತಿ ಬಾಲ್ ತಮ್ಮ ಹತ್ತಿರವೇ ಇಟ್ಟುಕೊಂಡರು. ಮರ್ರಿಗೆ ಬಾಲ್ ಸಿಕ್ಕರೆ ತಾನೇ ಆಡುವುದು! ಕೊನೆಗೆ ಓವರ್‌ಟೈಮ್‌ನಲ್ಲಿ 28-21ಕ್ಕೆ ಓಕ್ಲಹೋಮಾ ಪಾರಾಯಿತು. ಓಟದ ಟೀಮ್ ಅಂದರೆ ಹಳೇ ಕಾಲದ್ದು ಅನ್ನುವವರಿಗೆ ನಾನು ಈ ಪಂದ್ಯ ನೋಡಿ ಅನ್ನುತ್ತೇನೆ. ಇದರ ಜೊತೆಗೆ 2009ರ ಜಾರ್ಜಿಯಾ ಟೆಕ್. ಕೋಚ್ ಪಾಲ್ ಜಾನ್ಸನ್, ಟ್ರಿಪಲ್ ಆಪ್ಷನ್, ಬೆಳಗಿನಿಂದ ಸಂಜೆವರೆಗೆ ಓಟ. ಎದುರಾಳಿ ಸೇಫ್ಟಿಗಳು ಓಟ ತಡೆಯಲು ಮುಂದೆ ಬಂದು ಬಂದು ಅಭ್ಯಾಸವಾಗಿಬಿಡುತ್ತದೆ. ಆಗ ಡಿಮೇರಿಯಸ್ ಥಾಮಸ್ ಅನ್ನುವ ಎತ್ತರದ ರಿಸೀವರ್ ಒಬ್ಬನೇ ಒಬ್ಬನ ಎದುರು ಓಡುತ್ತಾನೆ. ಆ ವರ್ಷ ಥಾಮಸ್ ಹಿಡಿದದ್ದು 46 ಪಾಸ್, ಬಂದದ್ದು 1,154 ಯಾರ್ಡ್. ಒಂದೊಂದಕ್ಕೆ 25 ಯಾರ್ಡ್! ಪಾಸ್ ಕಡಿಮೆ ಎಸೆದರು ಅನ್ನುವುದಕ್ಕಿಂತ ಎಸೆದದ್ದೆಲ್ಲ ಡಿಫೆನ್ಸ್‌ಗೆ ನೋಯುವ ಜಾಗಕ್ಕೆ ಎಸೆದರು ಅನ್ನಬೇಕು.

ನಮಗೆ ಕ್ರಿಕೆಟ್ ಬೇಗ ಅರ್ಥವಾಗುತ್ತದೆ, ಹಾಗಾಗಿ ಒಂದು ಹೋಲಿಕೆ ಕೊಡುತ್ತೇನೆ. ವೆಂಕಟೇಶ್ ಪ್ರಸಾದ್ ಅವರ ಸ್ಲೋ ಬಾಲ್ ನೆನಪಿದೆಯಲ್ಲ? ಓವರ್‌ನಲ್ಲಿ ಮೂರು ಮಾಮೂಲು, ಮೂರು ಸ್ಲೋ ಹಾಕಿದರೆ ಅದು ಬ್ಯಾಲೆನ್ಸ್ ಅಂತ ಯಾರಾದರೂ ಅನ್ನುತ್ತಾರಾ? ಬ್ಯಾಟ್ಸ್‌ಮನ್ ಅದಕ್ಕೆ ಕಾದು ಕೂರದ ಹಾಗೆ, ಆದರೆ ಮರೆಯಲೂ ಆಗದ ಹಾಗೆ ಎಷ್ಟು ಬೇಕೋ ಅಷ್ಟು. ಆ ಎಷ್ಟು ಬೇಕೋ ಅನ್ನುವುದು ಬ್ಯಾಟ್ಸ್‌ಮನ್ ನೋಡಿ, ಪಿಚ್ ನೋಡಿ ಬದಲಾಗುತ್ತದೆ. ಓಟ-ಪಾಸ್ ಪ್ರಮಾಣವೂ ಹಾಗೆಯೇ. ಇನ್ನೂ ಒಂದು ಓಟ ಸೇರಿಸಿದರೆ ಸಿಗುವ ಲಾಭ, ಇನ್ನೂ ಒಂದು ಪಾಸ್ ಸೇರಿಸಿದರೆ ಸಿಗುವ ಲಾಭ, ಇವೆರಡೂ ಸಮ ಆಗುವ ಜಾಗದಲ್ಲಿ ನಿಲ್ಲಬೇಕು. ಆ ಜಾಗ ಒಂದು ಟೀಮಿಗೆ 80-20ರಲ್ಲಿ ಇರಬಹುದು, ಇನ್ನೊಂದಕ್ಕೆ 40-60ರಲ್ಲಿ.

ಲಾಭ ಅಂದರೆ ಬರೀ ಯಾರ್ಡ್ ಅಂದುಕೊಳ್ಳಬೇಡಿ. ಕಾಲೇಜ್ ಅಂಕಿಅಂಶ ನೋಡುವವರು ಸಾಮಾನ್ಯವಾಗಿ ಬಳಸುವ ಅಳತೆ ಒಂದಿದೆ, ಸಕ್ಸೆಸ್ ರೇಟ್. ಮೊದಲ ಡೌನ್‌ನಲ್ಲಿ ಬೇಕಾದ ಯಾರ್ಡ್‌ನಲ್ಲಿ ಶೇಕಡಾ 50 ಬಂದರೆ ಆ ಪ್ಲೇ ಗೆದ್ದ ಹಾಗೆ. ಎರಡನೇ ಡೌನ್‌ನಲ್ಲಿ ಶೇಕಡಾ 70. ಮೂರು, ನಾಲ್ಕರಲ್ಲಿ ಪೂರ್ತಿ ಬರಬೇಕು. ಈ ಅಳತೆಯಲ್ಲಿ ಮೂರನೇ ಡೌನ್‌ಗೆ ಎರಡು ಯಾರ್ಡ್ ಬೇಕಾದಾಗ ಎರಡು ಯಾರ್ಡ್ ತಂದ ಓಟ ಪೂರ್ತಿ ಗೆಲುವು, ಮೂರನೇ ಡೌನ್‌ಗೆ 15 ಬೇಕಾದಾಗ 12 ತಂದ ಪಾಸ್ ಸೋಲು. ಸರಾಸರಿ ನೋಡುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಈಗ ಹಿಂದೆ ಕೂತಿರುವ ಅಣ್ಣ ಒಬ್ಬರು ಒಳ್ಳೆ ಪ್ರಶ್ನೆ ಕೇಳಿದರು. ಮೊದಲು ಓಟ ಗಟ್ಟಿ ಮಾಡಿಕೊಂಡರೆ ತಾನೇ ಪ್ಲೇ ಆ್ಯಕ್ಷನ್ ನಡೆಯುವುದು, ಅಂದರೆ ಓಟದ ಹಾಗೆ ತೋರಿಸಿ ಪಾಸ್ ಎಸೆಯುವುದು? ನಾನೂ ಬಹಳ ಕಾಲ ಇದನ್ನು ಕೇಳುತ್ತಾ ಬಂದಿದ್ದೇನೆ. ಎನ್‌ಎಫ್‌ಎಲ್ ಅಂಕಿಗಳನ್ನು ಕೂತು ಲೆಕ್ಕ ಹಾಕಿದವರು ಹೇಳುವುದು, ಆ ಪಂದ್ಯದಲ್ಲಿ ಎಷ್ಟು ಸಲ ಓಡಿದ್ದೀರಿ ಅನ್ನುವುದಕ್ಕೂ ಪ್ಲೇ ಆ್ಯಕ್ಷನ್ ಎಷ್ಟು ಚೆನ್ನಾಗಿ ನಡೆಯಿತು ಅನ್ನುವುದಕ್ಕೂ ಸಂಬಂಧ ಕಾಣುವುದಿಲ್ಲ ಅಂತ. ಯೋಚಿಸಿದರೆ ಇದು ಸಹಜವೇ. ಲೈನ್‌ಬ್ಯಾಕರ್ ನಿಂತುಕೊಂಡು ಇವತ್ತು ಇವರು ಎಷ್ಟು ಸಲ ಓಡಿದರು ಅಂತ ಎಣಿಸುತ್ತಿರುವುದಿಲ್ಲ. ಎದುರಿನ ಲೈನ್‌ಮನ್‌ನ ಮೊದಲ ಹೆಜ್ಜೆ ಎತ್ತ ಹೋಯಿತು ಅಂತ ನೋಡುತ್ತಾನೆ, ವರ್ಷಗಟ್ಟಲೆ ಅಭ್ಯಾಸ ಮಾಡಿದ ಹಾಗೆ ಮೈ ತಾನಾಗಿ ಓಡುತ್ತದೆ. ಹಾಗಾಗಿ ಬೇಕಾದದ್ದು ಓಟ ಮತ್ತು ಪಾಸ್ ಎರಡರಲ್ಲೂ ಮೊದಲ ಒಂದು ಸೆಕೆಂಡ್ ಒಂದೇ ಥರ ಕಾಣುವುದು. ಲೈನ್ ಕೋಚ್‌ಗಳು ಇದಕ್ಕಾಗಿ ಬೆವರು ಸುರಿಸುತ್ತಾರೆ, ಅವರಿಗೆ ಟಿವಿಯಲ್ಲಿ ಒಂದು ಮಾತೂ ಸಿಗುವುದಿಲ್ಲ.

ಪಾಸ್‌ನಿಂದ ಓಟಕ್ಕೆ ದಾರಿಯಾಗುವುದೂ ಅಷ್ಟೇ ನಿಜ. 2019ರ ಎಲ್‌ಎಸ್‌ಯು 15-0. ಕ್ವಾರ್ಟರ್‌ಬ್ಯಾಕ್ ಜೋ ಬರೋ 60 ಟಚ್‌ಡೌನ್ ಪಾಸ್ ಎಸೆದರು, ಎಲ್ಲರಿಗೂ ಅದೇ ನೆನಪು. ಅದೇ ಟೀಮಿನಲ್ಲಿ ಓಟಗಾರ ಕ್ಲೈಡ್ ಎಡ್ವರ್ಡ್ಸ್-ಹೆಲೇರ್ 1,414 ಯಾರ್ಡ್ ಓಡಿದ್ದಾರೆ. ಐದು ಜನ ಪಾಸ್ ಹಿಡಿಯಲು ಹರಡಿಕೊಂಡಾಗ ಬಾಕ್ಸ್‌ನಲ್ಲಿ ಎಂಟು ಜನ ಇಡುವ ಧೈರ್ಯ ಯಾರಿಗಿದೆ?

ನನ್ನ ಪ್ರಕಾರ ಇತ್ತೀಚಿನ ವರ್ಷಗಳಲ್ಲಿ ಈ ವಿಷಯವನ್ನು ಚೆನ್ನಾಗಿ ತೋರಿಸಿದ್ದು 2023ರ ಮಿಶಿಗನ್. ನವೆಂಬರ್ 11, ಪೆನ್ ಸ್ಟೇಟ್ ಊರಿನಲ್ಲಿ ಪಂದ್ಯ. ಹೆಡ್ ಕೋಚ್ ಅಮಾನತಿನಲ್ಲಿದ್ದರು, ಶೆರೋನ್ ಮೂರ್ ನಡೆಸಿದರು. ಪೆನ್ ಸ್ಟೇಟ್‌ನ ಹುಡುಗರು ಕ್ವಾರ್ಟರ್‌ಬ್ಯಾಕ್ ಮೇಲೆ ಮುಗಿಬೀಳುವುದರಲ್ಲಿ ಬಲು ಚುರುಕು. ಮಿಶಿಗನ್ ಒಬ್ಬ ಹೆಚ್ಚುವರಿ ಲೈನ್‌ಮನ್ ತಂದು ಓಡಲು ಶುರು ಮಾಡಿತು. ದಾಖಲೆಯ ಪ್ರಕಾರ ಸತತ 32 ಓಟ. ಎರಡನೇ ಅರ್ಧದಲ್ಲಿ ಎಸೆದ ಒಂದೇ ಪಾಸ್ ಪೆನಾಲ್ಟಿಯಿಂದಾಗಿ ಲೆಕ್ಕಕ್ಕೇ ಬರಲಿಲ್ಲ. 24-15, ಗೆಲುವು. ಮರುದಿನ ಎಷ್ಟೋ ಜನ ಇವರಿಗೆ ಪಾಸ್ ಬರುವುದಿಲ್ಲ ಅಂದರು. ಆದರೆ ಸೆಮಿಫೈನಲ್ ಆಗಿದ್ದ ರೋಸ್ ಬೌಲ್‌ನಲ್ಲಿ ಅಲಬಾಮಾ ಎದುರು ಕೊನೆಯ ನಿಮಿಷಗಳಲ್ಲಿ 20-13ಕ್ಕೆ ಹಿಂದೆ ಇದ್ದಾಗ, ನಾಲ್ಕನೇ ಡೌನ್‌ಗೆ ಎರಡು ಯಾರ್ಡ್ ಬೇಕಿದ್ದಾಗ, ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಅಲ್ಲಿ ಎಸೆದರು. ಯಾರಿಗೆ? ಓಟಗಾರ ಬ್ಲೇಕ್ ಕೋರಮ್‌ಗೆ. ಅದೇ ಸರದಿಯಲ್ಲಿ ರೋಮನ್ ವಿಲ್ಸನ್‌ಗೆ ಪಾಸ್ ಎಸೆದು ಸಮ ಮಾಡಿದರು, ಓವರ್‌ಟೈಮ್‌ನಲ್ಲಿ ಕೋರಮ್ ಓಡಿ 27-20. ಫೈನಲ್‌ನಲ್ಲಿ ವಾಷಿಂಗ್ಟನ್ ಎದುರು ಮತ್ತೆ ಓಟ, 303 ಯಾರ್ಡ್. ಒಂದೇ ಟೀಮ್, ಮೂರು ಪಂದ್ಯ, ಮೂರು ಬೇರೆ ಪಟ್ಟಿ.

ಎಲ್ಲ ಟೀಮೂ ಹೀಗೆ ಯಾಕೆ ಮಾಡುವುದಿಲ್ಲ ಅಂತ ಕೇಳಬಹುದು. ಮುಖ್ಯ ಕಾರಣ ಸಮಯ. ಸೀಸನ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕಡ್ಡಾಯ ಅಭ್ಯಾಸ ಮಾಡಿಸುವಂತಿಲ್ಲ ಅಂತ ಕಾಲೇಜ್ ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ನಿಯಮ. ಹುಡುಗರಿಗೆ ಕ್ಲಾಸ್ ಇದೆ, ಪರೀಕ್ಷೆ ಇದೆ. ಆಪ್ಷನ್ ಓಟದ ಒಂದು ಹಸ್ತಾಂತರ ಸರಿಯಾಗಲು ಸಾವಿರ ಸಲ ಮಾಡಬೇಕು. ಉದ್ದದ ಪಾಸ್‌ಗೆ ಕ್ವಾರ್ಟರ್‌ಬ್ಯಾಕ್ ಮತ್ತು ರಿಸೀವರ್ ಹೊಂದಿಕೊಳ್ಳಲೂ ಅಷ್ಟೇ. ಎರಡಕ್ಕೂ ಸಮ ಸಮಯ ಕೊಡಲು ಹೋದ ಟೀಮ್ ಎರಡರಲ್ಲೂ ಸಾಧಾರಣವಾಗಿ ಉಳಿಯುವ ಅಪಾಯ ಇದೆ, ಪಟ್ಟಿಯಲ್ಲಿ ಮಾತ್ರ 35-35 ಅಂತ ಚೆಂದ ಕಾಣುತ್ತದೆ. ಲೀಚ್ ಆಗಲಿ, ಪಾಲ್ ಜಾನ್ಸನ್ ಆಗಲಿ ಒಂದು ವಿಷಯದಲ್ಲಿ ಒಂದೇ: ಕೆಲವೇ ಪ್ಲೇಗಳು, ಅವನ್ನೇ ಮತ್ತೆ ಮತ್ತೆ. ಒಂದನ್ನು ಪೂರ್ತಿ ಕಲಿತು, ಎದುರಾಳಿ ಅದನ್ನು ತಡೆಯಲು ವಾಲಿದಾಗ ಬೇಕಾಗುವ ಎರಡು ಮೂರು ಉತ್ತರ ಜೇಬಿನಲ್ಲಿ ಇಟ್ಟುಕೊಳ್ಳುವುದು ಕಾಲೇಜ್ ಹುಡುಗರ ಕೈಯಲ್ಲಿ ಆಗುವ ಕೆಲಸ ಅಂತ ನಾನು ನಂಬುತ್ತೇನೆ.

ಮುಂದಿನ ಶನಿವಾರ ಆಟ ನೋಡುವಾಗ ಹೀಗೆ ಮಾಡಿ. ಮೊದಲ ಅರ್ಧದ ಮೊದಲ ಡೌನ್‌ಗಳನ್ನು ಮಾತ್ರ ಗಮನಿಸಿ, ಯಾಕೆಂದರೆ ಆಗ ಸ್ಕೋರು, ಗಡಿಯಾರ ಯಾವುದೂ ಕೋಚ್‌ನ ಕೈ ಕಟ್ಟಿಹಾಕಿರುವುದಿಲ್ಲ. ಬಾಲ್ ಸ್ನ್ಯಾಪ್ ಆಗುವ ಮುನ್ನ, ಅಂದರೆ ಕ್ವಾರ್ಟರ್‌ಬ್ಯಾಕ್ ಕೈಗೆ ಬರುವ ಮುನ್ನ, ಹಿಂದೆ ಇಬ್ಬರು ಸೇಫ್ಟಿ ಇದ್ದಾರಾ, ಒಬ್ಬನಾ ಅಂತ ಎಣಿಸಿ. ಇಬ್ಬರಿದ್ದಾಗ ಓಡುತ್ತಿದ್ದಾರಾ, ಒಬ್ಬ ಮುಂದೆ ಬಂದಾಗ ಎಸೆಯುತ್ತಿದ್ದಾರಾ ನೋಡಿ. ಇಬ್ಬರು ಹಿಂದೆ ಇದ್ದಾಗಲೂ ಎಸೆಯುತ್ತಲೇ ಇದ್ದರೆ, ಅಥವಾ ಎಂಟು ಜನರ ಗೋಡೆಗೆ ಓಡುತ್ತಲೇ ಇದ್ದರೆ, ಹಾಫ್‌ಟೈಮ್‌ನಲ್ಲಿ ಬರುವ ಪಟ್ಟಿ ಏನೇ ಹೇಳಲಿ, ಪಕ್ಕದಲ್ಲಿ ಕೂತ ಮಗನಿಗೋ ಮಗಳಿಗೋ ನೀವೇ ಮೊದಲು ಹೇಳಬಹುದು ಆ ಕೋಚ್ ಎರಡನೇ ಅರ್ಧದಲ್ಲಿ ಏನು ಬದಲಿಸಬೇಕು ಅಂತ.